ಸಾದಾ ಮಣ್ಣಿಗೂ ಒಂದು ಕವರ್ ಬೇಕು

ಅಪರಾಧ ನಡೆದ ಜಾಗಕ್ಕೆ ನಾವು ತಲುಪುವ ಹೊತ್ತಿಗೆ ಅರ್ಧ ಊರು ಅಲ್ಲಿ ಸೇರಿರುತ್ತದೆ. ಅದಕ್ಕೆ ಯಾರನ್ನೂ ಬೈಯಲು ಆಗುವುದಿಲ್ಲ. ಸತ್ತವನು ಅವರ ಊರಿನವನು, ನೋಡದೆ ಹೇಗಿರುತ್ತಾರೆ? ನನ್ನ ಕೆಲಸ ಸೀನ್ ಆಫ್ ಕ್ರೈಮ್ ಆಫೀಸರ್. ಬಳ್ಳಾರಿ, ಕೊಪ್ಪಳ ಎರಡೂ ಕಡೆ ಓಡಾಡಿದ್ದೇನೆ. ಜಪ್ತಿ ಮಾಡುವುದು ತನಿಖಾಧಿಕಾರಿ, ಪಂಚರ ಮುಂದೆ, ಅಂದರೆ ಸಾಕ್ಷಿಯಾಗಿ ಕರೆದ ಊರವರ ಮುಂದೆ. ನಾವು ಹುಡುಕುತ್ತೇವೆ, ಗುರುತು ಹಾಕುತ್ತೇವೆ, ಕೆಡದಂತೆ ಕಟ್ಟಿಕೊಡುತ್ತೇವೆ. 2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂದ ಮೇಲೆ ನಮಗೆ ಕರೆ ಜಾಸ್ತಿಯಾಗಿದೆ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಹೋಗಬೇಕು, ವಿಡಿಯೋ ಆಗಬೇಕು ಎಂದು ಅದರ 176ನೇ ಕಲಮಿನಲ್ಲಿದೆ. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಕಾಲಾವಕಾಶ ಕೊಟ್ಟಿದ್ದಾರೆ.

ಹೋದ ತಕ್ಷಣ ನಾನು ಶವದ ಹತ್ತಿರ ಹೋಗುವುದಿಲ್ಲ. ಮೊದಲು ಬಂದ ಕಾನ್‌ಸ್ಟೇಬಲ್ ಯಾರು ಎಂದು ಕೇಳುತ್ತೇನೆ. ಅವರು ಯಾವ ಕಡೆಯಿಂದ ಒಳಗೆ ಹೋದರು, ಯಾರು ಶವ ಮುಟ್ಟಿದರು, ಯಾರು ನೀರು ಕುಡಿಸಲು ನೋಡಿದರು, ಬಾಗಿಲು ಮೊದಲೇ ತೆರೆದಿತ್ತಾ. ಇವೆಲ್ಲ ಆಮೇಲೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ನಂತರ ಆರೋಪಿ ನಡೆದಿರಲಾರದಂಥ ಒಂದು ದಾರಿ ಆರಿಸಿ, ಸುಣ್ಣದ ಗೆರೆ ಹಾಕಿಸಿ, ಎಲ್ಲರೂ ಇದರ ಮೇಲೇ ಓಡಾಡಿ ಎನ್ನುತ್ತೇನೆ. ಸಾಹೇಬರು ಬಂದರೂ ಅದೇ ದಾರಿ. ಒಮ್ಮೊಮ್ಮೆ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಫೋಟೋ ದೂರದಿಂದ ಶುರು ಮಾಡಿ ಹತ್ತಿರಕ್ಕೆ ಬರಬೇಕು. ಹತ್ತಿರದ್ದನ್ನು ಸ್ಕೇಲ್ ಇಲ್ಲದೆ ಒಮ್ಮೆ, ಸ್ಕೇಲ್ ಇಟ್ಟು ಒಮ್ಮೆ ತೆಗೆಯುತ್ತೇನೆ. ನಕ್ಷೆ ಬರೆಯುವಾಗ ಎರಡು ಕದಲದ ಗುರುತು ಹಿಡಿದು ಅಳೆಯುತ್ತೇನೆ. ಹೊಲದಲ್ಲಿ ನನಗೆ ಇಷ್ಟದ ಗುರುತು ಜೆಸ್ಕಾಂನ ಕರೆಂಟ್ ಕಂಬ. ಅದರ ಮೇಲೆ ನಂಬರ್ ಇದ್ದರೆ ಅದನ್ನೂ ಬರೆಯುತ್ತೇನೆ. ಎತ್ತಿನ ಗಾಡಿ, ಬಣವೆಯಿಂದ ಅಳೆದರೆ ಕೇಸು ವಿಚಾರಣೆಗೆ ಬರುವಾಗ ಅವು ಅಲ್ಲಿರುವುದಿಲ್ಲ.

ಇನ್ನು ಕಲೆಗಳು. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಸಂಡೂರು, ತೋರಣಗಲ್ಲು ಭಾಗದಲ್ಲಿ ಅದಿರಿನ ಧೂಳು ಗೋಡೆ, ಚಪ್ಪಲಿ, ಲಾರಿ ಕ್ಯಾಬಿನ್, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೂತಿರುತ್ತದೆ. ಅದರ ಮೇಲೆ ನೀರು ಬಿದ್ದು ಒಣಗಿದರೆ ಹಳೇ ರಕ್ತದ ಥರವೇ ಕಾಣುತ್ತದೆ. ಕಣ್ಣಲ್ಲಿ ನೋಡಿ ಹೇಳುವ ಹಾಗಿಲ್ಲ. ಫಿಲ್ಟರ್ ಪೇಪರಿನಲ್ಲಿ ಕಲೆಯನ್ನು ಮೆಲ್ಲಗೆ ಒರೆಸಿಕೊಂಡು, ಆ ಪೇಪರಿನ ಮೇಲೆ ಪರೀಕ್ಷೆ ಮಾಡುತ್ತೇನೆ. ಕಲೆಯ ಮೇಲೇ ರಾಸಾಯನಿಕ ಸುರಿಯಬಾರದು. ಕಾಸಲ್-ಮೇಯರ್ ಎನ್ನುವ ಈ ಪರೀಕ್ಷೆಯಲ್ಲಿ ಮೊದಲು ಬಣ್ಣ ಕೊಡುವ ದ್ರಾವಣ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತೇವೆ. ಪೆರಾಕ್ಸೈಡ್ ಬಿದ್ದ ಕೆಲವೇ ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಬಂದರೆ ರಕ್ತ ಇರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಅದನ್ನು ರಕ್ತವೆಂದು ಹಿಡಿಯುವಂತಿಲ್ಲ, ತುಕ್ಕು ಅಥವಾ ಬೇರೆ ರಾಸಾಯನಿಕದ ಆಟ. ತುಂಬಾ ಹೊತ್ತಾದ ಮೇಲೆ ಬಂದ ಬಣ್ಣವನ್ನೂ ನಂಬಬಾರದು, ಗಾಳಿಗೇ ಅದು ಗುಲಾಬಿಯಾಗುತ್ತದೆ. ಇಷ್ಟಾದರೂ ಇದು ಬರೀ 'ಇರಬಹುದು'. ಮನುಷ್ಯನ ರಕ್ತವೋ, ಕುರಿಯದೋ, ಯಾರದ್ದು ಅನ್ನುವುದನ್ನು ಪ್ರಯೋಗಾಲಯ ಹೇಳಬೇಕು.

ಹಾಗಾಗಿ ನಾನು ರಕ್ತ ಬಿದ್ದ ಮಣ್ಣಿನ ಜೊತೆಗೆ ರಕ್ತ ಬೀಳದ ಮಣ್ಣನ್ನೂ ತೆಗೆದುಕೊಳ್ಳುತ್ತೇನೆ. ಮಹಜರಿನಲ್ಲಿ 'ರಕ್ತಸಿಕ್ತ ಮಣ್ಣು, ಸಾದಾ ಮಣ್ಣು' ಎಂದು ಬರೆಯುತ್ತಾರಲ್ಲ, ಅದೇ. ಯಲಬುರ್ಗಾ ಕಡೆಯ ಒಂದು ಎರೆಹೊಲದಲ್ಲಿ ಪಂಚರಾಗಿ ನಿಂತಿದ್ದ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು: "ಸರ, ರಕ್ತದ ಮಣ್ಣು ತಗೊಂಡ್ರಿ, ಸರಿ. ಈ ಬರೇ ಮಣ್ಣು ಯಾಕ್ರಿ?" ನಾನೆಂದೆ: "ಅಜ್ಜಾರ, ಹೊಲಕ್ಕ ಔಷಧ ಹೊಡೀತೀರಿ, ಗೊಬ್ಬರ ಹಾಕ್ತೀರಿ. ಪರೀಕ್ಷೆದಾಗ ಏನರ ಸಿಕ್ಕರ ಅದು ರಕ್ತದ್ದೋ ನಿಮ್ಮ ಹೊಲದ್ದೋ ಹೆಂಗ ಗೊತ್ತಾಗಬೇಕು?" ಅವರು ತಲೆಯಾಡಿಸಿ, ತಾವೇ ಬದುವಿನ ಹತ್ತಿರದ ಒಂದು ಶುದ್ಧ ಜಾಗ ತೋರಿಸಿದರು.

ಸಾದಾ ಮಣ್ಣು ಇನ್ನೊಂದಕ್ಕೂ ಬೇಕು. ಆರೋಪಿಯ ಬೂಟಿನ ಅಡಿಯ ಮಣ್ಣಿಗೆ ಹೋಲಿಸಲು. ಕೆಲವೇ ಅಡಿ ಅಂತರದಲ್ಲಿ ಮಣ್ಣು ಬದಲಾಗಬಹುದು, ಒಂದೇ ಕಡೆ ತೆಗೆದರೆ ಸಾಲದು. ಶವದ ಪಕ್ಕ, ಬಂದ ದಾರಿ, ಹೋದ ದಾರಿ, ಕಾಲುವೆ ದಂಡೆ, ಎಲ್ಲಾ ಬೇರೆ ಬೇರೆ ಕವರಿಗೆ. 'ನಾನು ಆ ದಿನ ಅಲ್ಲಿರಲೇ ಇಲ್ಲ, ಕ್ವಾರಿಯಲ್ಲಿದ್ದೆ' ಎಂದು ಅವನು ಹೇಳಿದರೆ ಆ ಕ್ವಾರಿಯ ಮಣ್ಣೂ ತರಿಸುತ್ತೇವೆ. ಅವನ ಮಾತು ನಿಜವಾಗಿದ್ದರೆ ಅದೂ ಗೊತ್ತಾಗಬೇಕು ಅಲ್ವಾ? ನಮ್ಮಲ್ಲಿ ಇದನ್ನು ಬೇರೆಯವರು ಅಷ್ಟಾಗಿ ಮಾಡುವುದಿಲ್ಲ. ನನ್ನ ಪ್ರಕಾರ ಅರ್ಧ ಕೆಲಸ ಅದೇ.

ಹೆಜ್ಜೆ ಗುರುತಿಗೆ ನಮ್ಮ ಬಿಸಿಲು ಶತ್ರು. ನಡುಮಧ್ಯಾಹ್ನ ನೆತ್ತಿಯ ಮೇಲಿನ ಬೆಳಕಿನಲ್ಲಿ ಗುರುತು ಕಾಣುವುದೇ ಇಲ್ಲ. ಇಬ್ಬರಿಗೆ ತಾಡಪತ್ರಿ ಹಿಡಿಸಿ ನೆರಳು ಮಾಡಿ, ಟಾರ್ಚನ್ನು ನೆಲಕ್ಕೆ ಹತ್ತಿ ಅಡ್ಡಲಾಗಿ ಬಿಟ್ಟರೆ ಬೂಟಿನ ಒಂದೊಂದು ಗೆರೆ ಎದ್ದು ಬರುತ್ತದೆ. ಕ್ಯಾಮೆರಾ ಮಾತ್ರ ನೇರ ಮೇಲಿನಿಂದ. ಆಮೇಲೆ ಗುರುತಿನ ಅಚ್ಚು ತೆಗೆಯಲು ಪ್ಲಾಸ್ಟರ್. ಜೀಪಿನಲ್ಲಿ ಬಿಸಿಲಿಗೆ ಕಾದ ನೀರು ಬಳಸಿದರೆ ಅದು ಸುರಿಯುವ ಮೊದಲೇ ಗಟ್ಟಿಯಾಗಲು ಶುರು. ಹಾಗಾಗಿ ಬೇಸಿಗೆಯಲ್ಲಿ ಮಡಕೆ ನೀರು ಕೇಳಿ ತರಿಸುತ್ತೇನೆ. ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗುರುತಿನ ಪಕ್ಕದ ನೆಲಕ್ಕೆ ಸುರಿದು, ಅದು ತಾನಾಗಿ ಹರಿದು ಒಳಗೆ ಹೋಗುವಂತೆ ಬಿಡಬೇಕು. ಎತ್ತಿದ ಮೇಲೆ ಅಚ್ಚಿಗೆ ಅಂಟಿದ ಮಣ್ಣನ್ನು ಅಲ್ಲೇ ತೊಳೆಯಬಾರದು. ಬ್ರಷ್ ಹಿಡಿದು ಮುಂದೆ ಬರುವವರು ಯಾವಾಗಲೂ ಒಬ್ಬರು ಇರುತ್ತಾರೆ, ಅವರನ್ನು ತಡೆಯಬೇಕು.

ಕಟ್ಟುವುದರಲ್ಲಿ ಒಂದೇ ದೊಡ್ಡ ನಿಯಮ. ರಕ್ತ ಇರುವ ವಸ್ತು ಪ್ಲಾಸ್ಟಿಕ್ಕಿಗೆ ಬೇಡ. ಒಳಗೆ ಬೆವೆತು ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಆರಿಸಿ ಕಾಗದದ ಕವರಿಗೆ ಹಾಕಬೇಕು. ಬಿಸಿಲಿಗೆ ಒಣಗಿಸುವುದೂ ತಪ್ಪು. ಪೆಟ್ರೋಲ್, ಸೀಮೆಎಣ್ಣೆ ಇರುವ ಬೂದಿಗೆ ಇದು ಉಲ್ಟಾ. ಅದನ್ನು ಗಾಳಿಯಾಡದ ಡಬ್ಬಿಗೇ ಹಾಕಬೇಕು, ಇಲ್ಲದಿದ್ದರೆ ಕಳಿಸುವಷ್ಟರಲ್ಲಿ ಆವಿಯಾಗಿ ಹೋಗುತ್ತದೆ. ನೇಣಿನ ಹಗ್ಗದ ಗಂಟು ಬಿಚ್ಚಬಾರದು, ಗಂಟಿನಿಂದ ದೂರ ಕತ್ತರಿಸಬೇಕು.

ಆಮೇಲೆ ಅರಗು ಮುದ್ರೆ. ಕವರಿನ ಮೇಲೆ ಕ್ರೈಂ ನಂಬರ್, ಸಮಯ, ಎಲ್ಲಿ ಸಿಕ್ಕಿತು, ಪಂಚರ ಸಹಿ. ಮಾದರಿ ಸೀಲು ಬೇರೆ ಕಾಗದದ ಮೇಲೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅಲ್ಲಿ ಎರಡನ್ನೂ ಹೋಲಿಸಿ ನೋಡಿಯೇ ಬಿಚ್ಚುವುದು. ಠಾಣೆಯಲ್ಲಿ ಪಿಎಫ್ ನಂಬರ್, ಅಂದರೆ ಜಪ್ತಿ ಮಾಡಿದ ವಸ್ತುವಿನ ಪ್ರಾಪರ್ಟಿ ಫಾರಂ ನಂಬರ್, ಬೀಳುತ್ತದೆ. ಕೋರ್ಟಿನಲ್ಲಿ ವಕೀಲರು ರಕ್ತದ ಬಗ್ಗೆ ಕೇಳುವುದಕ್ಕಿಂತ 'ಸೀಲು ಯಾರ ಹತ್ತಿರ ಇತ್ತು? ಠಾಣೆಯಲ್ಲಿ ಇಷ್ಟು ದಿನ ಯಾಕೆ ಇತ್ತು?' ಎಂದೇ ಜಾಸ್ತಿ ಕೇಳುತ್ತಾರೆ. ಒಮ್ಮೆ ನನ್ನನ್ನು ಕೇಳಿದ್ದು: "ಇಂಥ ಮಣ್ಣು ಈ ತಾಲೂಕಿನಲ್ಲಿ ಎಲ್ಲಾ ಕಡೆ ಇದೆ, ಹೌದೋ ಅಲ್ಲವೋ?" ಹೌದು ಎಂದೆ. ಮಣ್ಣಿನ ವರದಿ 'ಸಾಮ್ಯತೆ ಇದೆ' ಎನ್ನುತ್ತದೆಯೇ ಹೊರತು 'ಇದೇ ಜಾಗ' ಎನ್ನುವುದಿಲ್ಲ. ಅದನ್ನು ಹಿಗ್ಗಿಸಿ ಹೇಳಲು ಹೋದರೆ ಉಳಿದ ಸಾಕ್ಷ್ಯವೂ ಅನುಮಾನಕ್ಕೆ ಬೀಳುತ್ತದೆ.

ಕೊನೆಗೆ ಆಸ್ಪತ್ರೆಯವರಿಗೆ ಒಂದು ಮಾತು. ಇರಿತಕ್ಕೆ ಒಳಗಾದವರನ್ನು ಮೊದಲು ನಿಮ್ಮ ಹತ್ತಿರವೇ ತರುತ್ತಾರೆ. ಜೀವ ಉಳಿಸುವುದು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಿ ಕತ್ತರಿಸುವಾಗ ಚಾಕು ಹೋದ ತೂತಿನ ಮೇಲೇ ಕತ್ತರಿ ಆಡಿಸಬೇಡಿ, ಪಕ್ಕದಿಂದ ಕತ್ತರಿಸಿ. ಆ ಬಟ್ಟೆಯನ್ನು ಮನೆಯವರ ಕೈಗೂ ಕೊಡಬೇಡಿ, ಒಗೆದುಬಿಡುತ್ತಾರೆ. ಒಂದು ಕಾಗದದ ಚೀಲದಲ್ಲಿ ಇಟ್ಟು ಹೊರಠಾಣೆಯ ಪೊಲೀಸರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ.