ಕಡಲ ಸ್ಪಂಜಿನ ಬ್ಯಾಕ್ಟೀರಿಯಾಗಳಲ್ಲಿ ಹೊಸ ಆಂಟಿಬಯಾಟಿಕ್ ಹುಡುಕುವ ಕ್ರಮ

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಸ್ಯೂಡೊಸೆರಟಿನಾ ಕ್ಲಾವೇಟಾ ಎಂಬ ಸ್ಪಂಜಿನಿಂದ ಬೇರ್ಪಡಿಸಿದ ಸ್ಯಾಲಿನಿಸ್ಪೋರ ಎಂಬ ಬ್ಯಾಕ್ಟೀರಿಯಾ ರಿಫಾಮೈಸಿನ್ ಎಂಬ ಆಂಟಿಬಯಾಟಿಕ್ ತಯಾರಿಸುತ್ತದೆಂದು 2006ರಲ್ಲಿ ವರದಿಯಾಯಿತು. ಆದರೆ ರಿಫಾಮೈಸಿನ್ 1950ರ ದಶಕದಲ್ಲಿಯೇ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತಿತ್ತು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಅದರಿಂದಲೇ ರೂಪುಗೊಂಡದ್ದು. ಹೊಸ ನೆಲೆಯಲ್ಲಿ ಹಳೆಯ ಔಷಧವೇ ಕೈಗೆ ಸಿಗುವುದು ಈ ಕೆಲಸದಲ್ಲಿ ಸಾಮಾನ್ಯವಾದ್ದರಿಂದ, ಗೊತ್ತಿರುವುದನ್ನು ಬೇಗ ಗುರುತಿಸಿ ಬದಿಗಿಡುವ ಏರ್ಪಾಡನ್ನು ಮಾಡಿಕೊಂಡೇ ಹುಡುಕಾಟಕ್ಕೆ ಇಳಿಯಬೇಕು.

ಮೊದಲು ಅನುಮತಿ. ಭಾರತದ ಕಡಲಿನಲ್ಲಾದರೆ ಜೀವವೈವಿಧ್ಯ ಕಾಯ್ದೆ, 2002 ಅನ್ವಯಿಸುತ್ತದೆ. ಮನ್ನಾರ್ ಕೊಲ್ಲಿಯಂಥ ರಕ್ಷಿತ ಪ್ರದೇಶಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಸ್ಪಂಜನ್ನು ಬಂಡೆಯಿಂದ ಬುಡಸಮೇತ ಕೀಳದೆ ಚಿಕ್ಕ ತುಂಡನ್ನಷ್ಟೇ ಕತ್ತರಿಸಿ, ನೀರಿನಡಿಯಲ್ಲೇ ಚೀಲಕ್ಕೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಪ್ರಯೋಗಾಲಯಕ್ಕೆ ತರಬೇಕು. ಅದೇ ಸ್ಪಂಜಿನ ಇನ್ನೊಂದು ಚೂರನ್ನು ಆಲ್ಕೋಹಾಲ್‌ನಲ್ಲಿಡದಿದ್ದರೆ ಜಾತಿ ಯಾವುದೆಂಬ ಪ್ರಶ್ನೆಗೆ ಮುಂದೆ ಉತ್ತರವಿರುವುದಿಲ್ಲ.

ಸ್ಪಂಜು ಸದಾ ನೀರನ್ನು ಸೋಸುತ್ತಿರುವ ಪ್ರಾಣಿ, ನೀರಿನ ಬ್ಯಾಕ್ಟೀರಿಯಾಗಳೂ ಅದಕ್ಕೆ ಅಂಟಿರುತ್ತವೆ. ಆದ್ದರಿಂದ ತುಂಡನ್ನು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದ) ಸಮುದ್ರದ ನೀರಿನಲ್ಲಿ ಹಲವು ಸಲ ಜಾಲಾಡಿಸಿ, ಹೊರಮೈ ತೆಗೆದು, ಒಳಭಾಗವನ್ನಷ್ಟೇ ಅರೆಯಬೇಕು. ಅರೆದುದನ್ನು ಹಂತಹಂತವಾಗಿ ತೆಳುಗೊಳಿಸಿ, ಒಂದು ಪಾಲನ್ನು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ನಿಮಿಷ ಬಿಸಿ ಮಾಡಿದರೆ ಶಾಖ ತಾಳದ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ, ಬೀಜಕ ಕಟ್ಟುವ ಆಕ್ಟಿನೋಬ್ಯಾಕ್ಟೀರಿಯಾಗಳಿಗೆ (ಸ್ಯಾಲಿನಿಸ್ಪೋರ ಸೇರಿದ ಗುಂಪು) ಜಾಗ ಸಿಗುತ್ತದೆ. ಇದನ್ನು ತಟ್ಟೆಗಳಲ್ಲಿನ ಅಗರ್ ಮಾಧ್ಯಮದ ಮೇಲೆ ಹರಡಬೇಕು. ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಈ ಅಗರ್ ಮಾಧ್ಯಮವನ್ನು ಸಮುದ್ರದ ನೀರಿನಲ್ಲೇ ತಯಾರಿಸುವುದು ಅಗತ್ಯ. ಸ್ಯಾಲಿನಿಸ್ಪೋರಕ್ಕೆ ಅದಿಲ್ಲದೆ ಬೆಳವಣಿಗೆಯೇ ಇಲ್ಲ. ಪೋಷಕಾಂಶ ಮಿತವಾಗಿರಲಿ. ಶಿಲೀಂಧ್ರ ತಡೆಯಲು ನಿಸ್ಟಾಟಿನ್, ವೇಗವಾಗಿ ಹರಡುವ ಗ್ರಾಂ-ನೆಗೆಟಿವ್ (ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದ) ಬ್ಯಾಕ್ಟೀರಿಯಾ ತಡೆಯಲು ನ್ಯಾಲಿಡಿಕ್ಸಿಕ್ ಆಮ್ಲ ಬೆರೆಸುವುದು ರೂಢಿ.

ಇನ್ನು ತಾಳ್ಮೆಯ ಮಾತು. ತಟ್ಟೆಗಳು ಒಣಗದಂತೆ ಅಂಚಿಗೆ ಪ್ಯಾರಾಫಿಲ್ಮ್ ಎಂಬ ಮೇಣದ ಪಟ್ಟಿ ಸುತ್ತಿ, 28 ಡಿಗ್ರಿಯಲ್ಲಿ ಆರರಿಂದ ಎಂಟು ವಾರ ಕಾಯಿರಿ. ಎರಡನೆಯ ದಿನವೇ ಮೇಲೇಳುವ ನುಣುಪಾದ, ಲೋಳೆಯಂಥ ಕಾಲೊನಿಗಳ ಮೇಲೆ ಆಸೆ ಬೇಡ. ಸ್ಯಾಲಿನಿಸ್ಪೋರದ ಕಾಲೊನಿ ಕಿತ್ತಳೆ ಬಣ್ಣದಲ್ಲಿ ಚಿಕ್ಕದಾಗಿ ಕಾಣಿಸಿಕೊಂಡು, ಬೀಜಕಗಳು ಮೂಡಿದಂತೆ ಕಂದು, ಕಪ್ಪಾಗುತ್ತದೆ; ಅಗರಿನೊಳಕ್ಕೆ ಬೇರೂರಿದಂತೆ ಕಚ್ಚಿಕೊಂಡಿರುವುದರಿಂದ ಲೂಪ್‌ನಿಂದ ಸವರಿದರೆ ಬರದು, ಸೂಜಿಯಿಂದ ಕೆದಕಿ ತೆಗೆಯಬೇಕಾಗುತ್ತದೆ. (ಸ್ಟ್ರೆಪ್ಟೊಮೈಸಿಸ್‌ಗೆ ಹಸಿಮಣ್ಣಿನ ವಾಸನೆ ಇರುತ್ತದೆಂದು ತಟ್ಟೆಯನ್ನು ಮೂಗಿಗೆ ಹಿಡಿಯುವ ಚಟ ಕೆಲವರಿಗಿದೆ, ಬೇಡ.) ಶುದ್ಧಗೊಂಡ ತಳಿಯನ್ನು ಕೂಡಲೇ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಡಿ, ಪದೇ ಪದೇ ಮರುಬಿತ್ತನೆ ಮಾಡಿದ ತಳಿ ಆಂಟಿಬಯಾಟಿಕ್ ತಯಾರಿಸುವುದನ್ನೇ ಬಿಡಬಹುದು.

ಪರೀಕ್ಷೆಗೆ, ತಳಿ ಬೆಳೆದ ಅಗರಿನ ಬಿಲ್ಲೆಯನ್ನು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲಿಟ್ಟು, ಸುತ್ತ ಅದು ಬೆಳೆಯದೆ ಉಳಿದ ತಿಳಿ ವಲಯವನ್ನು ಅಳೆಯಿರಿ. ಈ. ಕೋಲಿಯಂಥ ಗ್ರಾಂ-ನೆಗೆಟಿವ್ ತಳಿಯ ಮೇಲೂ ನೋಡಿ, ಬರಿಯ ಮಾಧ್ಯಮದ ಬಿಲ್ಲೆಯನ್ನು ಹೋಲಿಕೆಗೆ ಇಡಿ. ವಲಯ ದೊಡ್ಡದಾದ ಮಾತ್ರಕ್ಕೆ ಔಷಧ ಪ್ರಬಲವೆಂದಲ್ಲ. ಅದು ಅಗರಿನಲ್ಲಿ ಸುಲಭವಾಗಿ ಹರಡುವ ಅಣು ಆಗಿರಬಹುದು.

ವಲಯ ಕಂಡ ದಿನವೇ ಶೋಧನೆಯ ಮುಖ್ಯ ಭಾಗ ಆರಂಭವಾಗುತ್ತದೆ. ರಿಫಾಂಪಿಸಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ರೂಪಾಂತರಿಯೊಂದನ್ನು ಮೂಲ ತಳಿಯ ಪಕ್ಕದಲ್ಲೇ ಪರೀಕ್ಷಿಸಿ: ಮೂಲ ತಳಿ ಸತ್ತು ರೂಪಾಂತರಿ ಉಳಿದರೆ ಕೈಯಲ್ಲಿರುವುದು ರಿಫಾಮೈಸಿನ್ ವರ್ಗದ್ದೇ ಎಂಬ ಬಲವಾದ ಗುಮಾನಿ ಹುಟ್ಟುತ್ತದೆ. ಇಷ್ಟು ಅಗ್ಗದ ಜರಡಿ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಬಳಿಕ ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಜೀನ್ ಓದಿ ಕುಲ ತಿಳಿದು, ಈಥೈಲ್ ಅಸಿಟೇಟ್‌ನಲ್ಲಿ ತೆಗೆದ ಸಾರವನ್ನು ದ್ರವ ಕ್ರೊಮ್ಯಾಟೊಗ್ರಫಿ (ಘಟಕಗಳನ್ನು ಬೇರ್ಪಡಿಸುವ ವಿಧಾನ) ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿಗೆ (ಅಣುಗಳ ತೂಕ ಅಳೆಯುವ ವಿಧಾನ) ಒಳಪಡಿಸಿ ಅಣುತೂಕಗಳನ್ನು ದತ್ತಸಂಚಯಗಳೊಂದಿಗೆ ಹೋಲಿಸಬೇಕು. ಜೀನೋಮ್ ಲಭ್ಯವಿದ್ದರೆ ಆಂಟಿಸ್ಮ್ಯಾಶ್ ತಂತ್ರಾಂಶವು ಇಂಥ ಅಣುಗಳನ್ನು ತಯಾರಿಸುವ ಪರಿಚಿತ ಜೀನ್ ಗುಚ್ಛಗಳನ್ನು ಎತ್ತಿ ತೋರಿಸುತ್ತದೆ. ಗುಚ್ಛವಿದ್ದೂ ಅಣು ಕಾಣದಿದ್ದರೆ ಉಪ್ಪು, ಸಕ್ಕರೆ, ತಾಪಮಾನ ಬದಲಿಸಿ ಅದೇ ತಳಿಯನ್ನು ಮತ್ತೆ ಬೆಳೆಸಿ.

ಹೊಸದೆಂದು ತೋರಿದ ಸಾರವನ್ನು ಮನುಷ್ಯರ ಜೀವಕೋಶಗಳ ಮೇಲೆ ಬೇಗನೇ ಪರೀಕ್ಷಿಸಿ. ಸ್ಯಾಲಿನಿಸ್ಪೋರ ಟ್ರಾಪಿಕಾ ತಯಾರಿಸುವ ಸ್ಯಾಲಿನೊಸ್ಪೊರಾಮೈಡ್ ಎ ನಮ್ಮ ಜೀವಕೋಶಗಳಲ್ಲಿ ಬೇಡವಾದ ಪ್ರೋಟೀನ್ ಒಡೆಯುವ ಪ್ರೋಟಿಯಸೋಮನ್ನೇ ಕಟ್ಟಿಹಾಕುವುದರಿಂದ ಅದು ಕ್ಯಾನ್ಸರ್ ಔಷಧದ ಪ್ರಯೋಗಗಳ ಕಡೆಗೆ ಹೋಯಿತೇ ಹೊರತು ಆಂಟಿಬಯಾಟಿಕ್ ಆಗಲಿಲ್ಲ.