ಜಪಾನೀ ತೋಟ ನೋಡಲು ಅವಸರ ಬೇಡ

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನೊಳಗಿರುವ ಜಪಾನೀಸ್ ಟೀ ಗಾರ್ಡನ್ ಸುಮಾರು 5 ಎಕರೆಯಷ್ಟಿದೆ. 1894ರ ವಸ್ತುಪ್ರದರ್ಶನಕ್ಕೆಂದು ಹುಟ್ಟಿಕೊಂಡ ಈ ತೋಟವನ್ನು ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದಾದರೂ, ಎರಡು ಗಂಟೆಯನ್ನಾದರೂ ಅದಕ್ಕೆಂದೇ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲಿಗೆ ಹೊತ್ತು ಮತ್ತು ಉಡುಪು. ಬೆಳಿಗ್ಗೆ ಬಾಗಿಲು ತೆರೆಯುವ ವೇಳೆಗೆ ಹೋದರೆ ಜನಸಂದಣಿ ಇರುವುದಿಲ್ಲ. ಬೇಸಿಗೆ ರಜೆಗೆಂದು ಮಕ್ಕಳ ಮನೆಗೆ ಬಂದ ನಮ್ಮ ಕಡೆಯ ಹಿರಿಯರು ಜುಲೈ ತಿಂಗಳೆಂದು ನಂಬಿ ತೆಳುವಾದ ಬಟ್ಟೆಯಲ್ಲಿ ಹೊರಟು, ಸಮುದ್ರದ ಮಂಜಿಗೆ ಸಿಕ್ಕಿ ನಡುಗುವುದುಂಟು, ಸ್ವೆಟರ್ ಕೈಯಲ್ಲಿರಲಿ. ಚೆರ್ರಿ ಹೂವು ನೋಡಬೇಕೆನ್ನುವವರು ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬೇಕು.

ಒಳಗೆ ಬಂದ ಮೇಲೆ ಕಾಲ ಕೆಳಗಿನ ಕಲ್ಲುಗಳನ್ನು ಗಮನಿಸಿ. ಜಪಾನೀ ತೋಟಗಳಲ್ಲಿ ಹೆಜ್ಜೆಗಲ್ಲುಗಳನ್ನು ಬೇಕೆಂದೇ ಅಂಕುಡೊಂಕಾಗಿ ಇಡುತ್ತಾರೆ. ಅವುಗಳ ಮೇಲೆ ನಡೆಯುವಾಗ ಕಣ್ಣು ನೆಲದಲ್ಲೇ ಇರಬೇಕಾಗುತ್ತದೆ. ನಡುವೆ ಅಗಲವಾದ ಕಲ್ಲೊಂದು ಸಿಕ್ಕರೆ ಅದು ನಿಲ್ಲುವ ಜಾಗ. ಅಲ್ಲಿ ತಲೆಯೆತ್ತಿದರೆ ತೋಟಗಾರ ತೋರಿಸಬೇಕೆಂದುಕೊಂಡ ನೋಟವೇ ಎದುರಿಗಿರುತ್ತದೆ.

ಮುಂದಿನದು ಕಮಾನು ಸೇತುವೆ. ಇದು ಏಣಿಯಷ್ಟು ಕಡಿದಾಗಿದ್ದು, ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮಂಡಿನೋವಿದ್ದವರು ಹತ್ತಲಿಲ್ಲವೆಂದು ಕೊರಗಬೇಕಾಗಿಲ್ಲ. ಅರೆವೃತ್ತದ ಸೇತುವೆಯೂ ನೀರಿನಲ್ಲಿರುವ ಅದರ ಪ್ರತಿಬಿಂಬವೂ ಕೂಡಿ ಪೂರ್ಣ ವೃತ್ತವಾಗುವುದು ದಡದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ.

1915ರ ಮತ್ತೊಂದು ವಸ್ತುಪ್ರದರ್ಶನದಿಂದ ಬಂದ ಐದಂತಸ್ತಿನ ಪಗೋಡವನ್ನು ನೋಡಿಕೊಂಡು, 1790ರಲ್ಲಿ ಜಪಾನಿನಲ್ಲಿ ಎರಕ ಹೊಯ್ದ ಕಂಚಿನ ಬುದ್ಧನ ಬಳಿ ಬನ್ನಿ. ಬಿಸಿಲು ಮಳೆಗಳಲ್ಲಿ ಸೂರಿಲ್ಲದೆ ಕುಳಿತ ಬುದ್ಧ ಎಂಬುದು ಈ ಮೂರ್ತಿಯ ಹೆಸರಿನ ಅರ್ಥ. ನಮ್ಮ ಗೊಮ್ಮಟನನ್ನು ಕಂಡವರಿಗೆ ಈ ಹೆಸರು ಹೊಸದೆನಿಸಲಾರದು. 1953ರಲ್ಲಿ ರೂಪುಗೊಂಡ ಒಣತೋಟದಲ್ಲಿ ಹನಿ ನೀರಿಲ್ಲ. ಕಲ್ಲೇ ಜಲಪಾತ, ಜಲ್ಲಿಯೇ ಹೊಳೆ. ಅದರೊಳಗೆ ಕಾಲಿಡಬಾರದು, ಮಕ್ಕಳ ಕೈ ಹಿಡಿದುಕೊಂಡಿರಿ.

ಕೊನೆಗೆ ಚಹಾಮನೆಯಲ್ಲಿ ಕೊಳದ ಕಡೆಗಿನ ಜಾಗ ಹಿಡಿದು ಹಸಿರು ಚಹಾ ತರಿಸಿಕೊಳ್ಳಿ. ಹಾಲು ಸಕ್ಕರೆ ಕೇಳುವುದು ಬೇಡ, ಮೊದಲ ಗುಟುಕಿನ ಕಹಿ ಮೂರನೆಯದರ ಹೊತ್ತಿಗೆ ಒಗ್ಗುತ್ತದೆ. ಈ ತೋಟವನ್ನು ಬೆಳೆಸಿದವರು ಮಕೊಟೊ ಹಗಿವಾರ ಮತ್ತು ಅವರ ಮನೆಯವರು. ಅವರು ಇಲ್ಲಿಯೇ ವಾಸವಾಗಿದ್ದರು. 1942ರಲ್ಲಿ, ಅಮೆರಿಕ ಜಪಾನಿನೊಂದಿಗೆ ಯುದ್ಧದಲ್ಲಿದ್ದಾಗ, ಜಪಾನೀ ಮೂಲದ ಇತರರಂತೆ ಆ ಕುಟುಂಬವನ್ನೂ ಹೊರಹಾಕಿ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ತೋಟದ ಹೆಸರಿನಿಂದ ‘ಜಪಾನೀಸ್’ ಎಂಬ ಪದವನ್ನೂ ತೆಗೆಯಲಾಯಿತು. ಹೆಸರು 1952ರಲ್ಲಿ ಮರಳಿತು, ಮನೆಯವರು ಅಲ್ಲಿ ಮತ್ತೆ ನೆಲೆಸಲಿಲ್ಲ. ಅವರ ನೆನಪಿನ ಕಂಚಿನ ಫಲಕವೂ ತೋಟದಲ್ಲಿದೆ. ಹೊರಡುವ ಮುನ್ನ ಅದನ್ನು ಹುಡುಕಿ ಓದಿ.