ಭತ್ತ ಕೊಯ್ದ ಗದ್ದೆಗೆ ಕಲ್ಲಂಗಡಿ: ಶಿವರಾತ್ರಿಯಿಂದ ಹಿಂದಕ್ಕೆ ಎಣಿಸಿ

ಅಂಕೋಲಾ, ಕುಮಟಾ, ಗೋಕರ್ಣದ ಸುತ್ತ ಭತ್ತ ಕೊಯ್ದ ಗದ್ದೆಯಲ್ಲಿ ಬಾವಿ ನೀರಿದ್ದರೆ ಕಲ್ಲಂಗಡಿ ಚೆನ್ನಾಗಿ ಬರುತ್ತದೆ. ಲಾಭ ಬರುವುದು ಮಾತ್ರ ಕೊಯ್ಲಿನ ವಾರ ಸರಿಹೊಂದಿದರೆ. ಊರಿಗೆ ಊರೇ ಒಟ್ಟಿಗೆ ಕೊಯ್ದರೆ ದರ ನೆಲಕಚ್ಚುತ್ತದೆ. ಬಿತ್ತಿ 80ರಿಂದ 90 ದಿನಕ್ಕೆ ಹಣ್ಣು. ಗೋಕರ್ಣದ ಶಿವರಾತ್ರಿಗೋ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೋ ಅಷ್ಟು ದಿನ ಹಿಂದಕ್ಕೆ ಎಣಿಸಿ ಅರ್ಧ ಗದ್ದೆ ಬಿತ್ತಿ. ಉಳಿದರ್ಧ 12 ದಿನ ಬಿಟ್ಟು.

ಗಜನಿ ಗದ್ದೆ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆ, ಬೇಡ. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರದ ಬಾವಿಯಾದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೇ ಎಂದು ಮನೆಯ ಹಿರಿಯರನ್ನು ಕೇಳಿ. ಉಪ್ಪು ನೀರು ಬಿದ್ದರೆ ಎಲೆಯ ಅಂಚು ಸುಡುತ್ತದೆ, ಕಾಯಿ ಬೆಳೆಯುವುದಿಲ್ಲ.

ಹತ್ತು ಗುಂಟೆಗೆ ಸುಮಾರು 840 ಗುಣಿ: ಸಾಲಿನಿಂದ ಸಾಲಿಗೆ 2 ಮೀಟರ್, ಗುಣಿಯಿಂದ ಗುಣಿಗೆ 60 ಸೆಂ.ಮೀ. ಗುಣಿಗೆ 2 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಎರಡೆರಡು ಬೀಜ ಊರಿ, ನಾಲ್ಕು ಎಲೆ ಬಂದಾಗ ಗಟ್ಟಿಮುಟ್ಟಾದ ಒಂದನ್ನು ಉಳಿಸಿ. ಇಷ್ಟಕ್ಕೆ 100 ಗ್ರಾಂ ಹೈಬ್ರಿಡ್ ಬೀಜ ಸಾಕು. ಬಳ್ಳಿ ಹರಿಯುವ ಮೊದಲೇ ಭತ್ತದ ಹುಲ್ಲು ಹಾಸಿ. ತೇವ ಉಳಿಯುತ್ತದೆ, ಕಾಯಿಗೆ ಮಣ್ಣು ತಾಗದೆ ಕೊಳೆಯೂ ಕಡಿಮೆ.

ಹೆಚ್ಚಿನ ನಷ್ಟವಾಗುವುದು ಹೂವಿನ ಹೊತ್ತಿಗೆ. ಮೊದಲು ಬರುವುದು ಗಂಡು ಹೂವು, ಅದು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಬೆಳಿಗ್ಗೆ ಜೇನ್ನೊಣ ಬಾರದಿದ್ದರೆ ಆ ಮಿಡಿ ಹಳದಿಯಾಗಿ ಉದುರುತ್ತದೆ, ಅರೆಬರೆ ಪರಾಗ ಬಿದ್ದರೆ ಕಾಯಿ ಸೊಟ್ಟ. ಹಾಗಾಗಿ ಔಷಧಿ ಹೊಡೆಯಲೇಬೇಕಾದರೆ ಸಂಜೆ ಮಾತ್ರ. ಯೂರಿಯಾ ಜಾಸ್ತಿಯಾದರೆ ಬಳ್ಳಿ ಮಾತ್ರ ಸೊಂಪಾಗುತ್ತದೆ, ಕಾಯಿ ನಿಲ್ಲುವುದಿಲ್ಲ. ಹಣ್ಣುನೊಣಕ್ಕೆ ಹೂವು ಶುರುವಾಗುವಾಗಲೇ ಕ್ಯೂ-ಲ್ಯೂರ್ (ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮದ್ದು) ಬಲೆ ಕಟ್ಟಿ, ಹತ್ತು ಗುಂಟೆಗೆ ಮೂರು. ಮಾವಿನ ತೋಪಿಗೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆ ಇಲ್ಲಿ ಕೆಲಸಕ್ಕೆ ಬಾರದು. ಬಳ್ಳಿಗೆ ಎರಡೇ ಕಾಯಿ ಬಿಟ್ಟು ಉಳಿದದ್ದು ಚಿವುಟಿ.

ಒಣಗಿಸಿ ಒಮ್ಮೆಲೇ ನೀರು ಬಿಟ್ಟರೆ ಕಾಯಿ ಬಿರಿಯುತ್ತದೆ. ಕೊಯ್ಲಿಗೆ ಐದಾರು ದಿನ ಮೊದಲು ನೀರು ಕಡಿಮೆ ಮಾಡಿದರೆ ಸಿಹಿ ಕೂಡುತ್ತದೆ. ತೊಟ್ಟಿನ ಪಕ್ಕದ ಕುಡಿಬಳ್ಳಿ ಒಣಗಿ, ನೆಲಕ್ಕೆ ತಾಗಿದ ಬಿಳಿ ಮಚ್ಚೆ ಹಳದಿಗೆ ತಿರುಗಿದರೆ ಕೊಯ್ಯಿರಿ. ಕೊಯ್ದ ಮೇಲೆ ಸಿಹಿ ಏರುವುದಿಲ್ಲ. ಎಳೆಯದನ್ನು ಕೊಟ್ಟರೆ ಗಿರಾಕಿ ಮತ್ತೆ ಬಾರದು.

ಬೀಜ, ಗೊಬ್ಬರ, ಪಂಪಿನ ಖರ್ಚಿನ ಜೊತೆ ಮನೆಯವರು ದುಡಿದ ದಿನಗಳ ಕೂಲಿಯನ್ನೂ ಬರೆದಿಡಿ. ಹೆಂಗಸರ ನೀರು ಹೊರುವ ಕೆಲಸ ಲೆಕ್ಕಕ್ಕೇ ಬರುವುದಿಲ್ಲ, ಅದು ತಪ್ಪು. ಮೊತ್ತವನ್ನು ಮಾರಬಹುದಾದ ಕಿಲೋಗಳಿಂದ ಭಾಗಿಸಿದರೆ ಅಸಲು ದರ ಸಿಗುತ್ತದೆ. ವ್ಯಾಪಾರಿ ಗದ್ದೆಗೆ ಬಂದು ಗುತ್ತಿಗೆ ಮಾತಾಡುವಾಗ ಆ ಅಂಕಿ ಕೈಯಲ್ಲಿರಲಿ. ಅದಕ್ಕಿಂತ ಕೆಳಗೆ ಕೇಳಿದರೆ ದೊಡ್ಡ ಹಣ್ಣುಗಳನ್ನು ಬೇರ್ಪಡಿಸಿ ಹೆದ್ದಾರಿ ಬದಿಯಲ್ಲಿ ನೀವೇ ಮಾರಿ.